ತಂತಿ ಕೂಡಿದರೂ ಮಾತು ಕೂಡದ ಕತೆ

ಬೆಂಗಳೂರಿನ ಒಂದು ಕಚೇರಿಯ ಕಂಪ್ಯೂಟರಿನಲ್ಲಿ ನೌಕರರೊಬ್ಬರ ಹುಟ್ಟಿದ ದಿನ 2 ಆಗಸ್ಟ್ 1962 ಎಂದು ದಾಖಲಾಗಿದೆ ಎಂದುಕೊಳ್ಳಿ. ಆ ದಾಖಲೆ ನೆಟ್‌ವರ್ಕ್ ಹಾದು ಬೇರೊಂದು ಊರಿನ ಸರ್ವರ್ ಸೇರುತ್ತದೆ. ಅಲ್ಲಿ ತೆರೆದು ನೋಡಿದರೆ 1 ಆಗಸ್ಟ್ 1962. ಯಾರೂ ತಿದ್ದಿಲ್ಲ. ಎರಡೂ ಕಡೆಯ ಪ್ರೋಗ್ರಾಮುಗಳು ತಂತಮ್ಮ ಮಟ್ಟಿಗೆ ಸರಿಯಾಗಿಯೇ ಇವೆ. ಒಂದು ದಿನ ತಾನೇ ಎಂದು ಬಿಡುವ ಹಾಗಿಲ್ಲ. ಸರ್ಕಾರಿ ನಿಯಮದ ಪ್ರಕಾರ ತಿಂಗಳ 2ರಂದು ಹುಟ್ಟಿದವರು ಅದೇ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. 1ರಂದು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ. ಒಬ್ಬರ ಒಂದು ತಿಂಗಳ ಸಂಬಳ ಎರಡು ಯಂತ್ರಗಳ ನಡುವೆ ಕರಗಿಹೋಯಿತು.

ಹೀಗಾಗುವುದು ಹೇಗೆ? ಮೈಕ್ರೋಸಾಫ್ಟ್‌ನ ‘ಕಾಮ್’ ಎಂಬ ವ್ಯವಸ್ಥೆಯಲ್ಲಿ ದಿನಾಂಕವೆಂದರೆ 1899ರ ಡಿಸೆಂಬರ್ 30ರಿಂದ ಎಷ್ಟು ದಿನ ಕಳೆದಿದೆ ಎಂಬ ಸಂಖ್ಯೆ. ಯಾವ ದೇಶದ ಗಡಿಯಾರ ಎಂಬ ಸುದ್ದಿಯೇ ಅದರಲ್ಲಿಲ್ಲ. ಜಾವಾದಲ್ಲಿ ಮೊದಲಿನಿಂದ ಬಳಕೆಯಲ್ಲಿದ್ದ ದಿನಾಂಕವೆಂದರೆ 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಗೆ ಹಿಂದೆ ಅಥವಾ ಮುಂದೆ ಎಷ್ಟು ಮಿಲಿಸೆಕೆಂಡು ಎಂಬ ಸಂಖ್ಯೆ. ಮೊದಲನೆಯದು ಹೇಳುವುದು ಒಂದು ದಿನವನ್ನು, ಎರಡನೆಯದು ಒಂದು ಕ್ಷಣವನ್ನು. ನಮ್ಮ ಆಗಸ್ಟ್ 2ರ ಮಧ್ಯರಾತ್ರಿ ಸರಿಯಾಗಿ 12 ಗಂಟೆ ಎಂದರೆ ಗ್ರೀನಿಚ್‌ನಲ್ಲಿ ಆಗಸ್ಟ್ 1ರ ಸಂಜೆ ಆರೂವರೆ. ಗ್ರೀನಿಚ್ ಗಡಿಯಾರದಂತೆ ಆ ಕ್ಷಣದಿಂದ ತಾರೀಕನ್ನಷ್ಟೇ ಕಿತ್ತುಕೊಂಡ ಸರ್ವರಿಗೆ ಸಿಕ್ಕಿದ್ದು 1.

ದೊಡ್ಡ ಸಂಸ್ಥೆಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಮಾಡಿದವರಿಗೆಲ್ಲ ಇಂಥ ಕತೆಗಳು ಗೊತ್ತು. ಬ್ಯಾಂಕಿನ ಹಳೆಯ ಮೇನ್‌ಫ್ರೇಮ್, ಯುನಿಕ್ಸ್ ಸರ್ವರುಗಳು, ಮೇಜಿನ ಮೇಲಿನ ವಿಂಡೋಸ್ ಪಿ.ಸಿ., ಇವೆಲ್ಲ ಪರಸ್ಪರ ಮಾತನಾಡಲು ನಡುವೆ ನಿಲ್ಲುವ ಸಾಫ್ಟ್‌ವೇರಿಗೆ ಮಿಡಲ್‌ವೇರ್ ಎನ್ನುತ್ತಾರೆ. ಒಂದು ಮಿಡಲ್‌ವೇರ್ ಇನ್ನೊಂದು ಮಿಡಲ್‌ವೇರಿನ ಜೊತೆ ಮಾತನಾಡಬೇಕಾದಾಗ ಬೇಕಾಗುವುದು ಬ್ರಿಡ್ಜ್. ಹಲವು ದಶಕಗಳ ಈ ಪ್ರಯತ್ನವನ್ನು ಹಿಂತಿರುಗಿ ನೋಡಿದಾಗ ನನಗೆ ಕಾಣುವುದಿಷ್ಟು: ಬೈಟುಗಳನ್ನು ಸಾಗಿಸುವ ಸಮಸ್ಯೆ ಬೇಗನೆ, ಚೆನ್ನಾಗಿ ಬಗೆಹರಿಯಿತು. ಎರಡೂ ಕಡೆಯವರು ಬಾಯಿಬಿಟ್ಟು ಹೇಳದೆ ನಂಬಿಕೊಂಡಿದ್ದ ಸಂಗತಿಗಳು ಮಾತ್ರ ಬ್ರಿಡ್ಜಿನ ಮೇಲೆ ಹಾಯಲಿಲ್ಲ.

ಮೂಲ ಕಲ್ಪನೆ ಸೊಗಸಾದದ್ದು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಆಂಡ್ರೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984ರಲ್ಲಿ ಪ್ರಕಟಿಸಿದ ಪ್ರಬಂಧ ‘ರಿಮೋಟ್ ಪ್ರೊಸೀಜರ್ ಕಾಲ್’ ಅನ್ನು ಕಟ್ಟುವ ಬಗೆ ವಿವರಿಸಿತು. ದೂರದ ಯಂತ್ರದಲ್ಲಿರುವ ಕೆಲಸವನ್ನು, ನಮ್ಮದೇ ಪ್ರೋಗ್ರಾಮಿನ ಒಳಗಿನ ಕೆಲಸವೇನೋ ಎಂಬಂತೆ ಹೆಸರು ಹಿಡಿದು ಕರೆಯುವುದು. ಆ ಹೆಸರಿನ ಹಿಂದೆ ‘ಸ್ಟಬ್’ ಎಂಬ ಪುಟ್ಟ ಪ್ರತಿನಿಧಿ ಕುಳಿತಿರುತ್ತದೆ. ಕೊಟ್ಟ ಮಾಹಿತಿಯನ್ನು ಬೈಟುಗಳ ಸಾಲಾಗಿಸಿ ಕಳುಹಿಸುವುದು, ಉತ್ತರ ಬಂದ ಮೇಲೆ ಬಿಡಿಸಿ ಕೊಡುವುದು ಅದರ ಕೆಲಸ. ಬರೆಯುವವರಿಗೆ ನೆಟ್‌ವರ್ಕಿನ ಗೋಜು ಬೇಡ.

ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸಗಳನ್ನೂ ‘ಆಬ್ಜೆಕ್ಟ್’ ಎಂಬ ಒಂದೇ ಘಟಕದಲ್ಲಿಡುವ ಪ್ರೋಗ್ರಾಮಿಂಗ್ ಜನಪ್ರಿಯವಾಗುತ್ತಿದ್ದಂತೆ ಇದೇ ಆಸೆ ಆಬ್ಜೆಕ್ಟುಗಳಿಗೂ ಹಬ್ಬಿತು. 1989ರಲ್ಲಿ 11 ಕಂಪನಿಗಳು ಸೇರಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಕಟ್ಟಿದವು. 1991ರಲ್ಲಿ ಅವರ ‘ಕೋರ್ಬಾ’ ಮಾನಕ ಬಂತು. ಅದರ ತಿರುಳು ಐಡಿಎಲ್ ಎಂಬ ಒಪ್ಪಂದದ ಭಾಷೆ. ಒಂದು ಆಬ್ಜೆಕ್ಟು ಯಾವ ಯಾವ ಕೆಲಸ ಮಾಡುತ್ತದೆ, ಏನು ಪಡೆದು ಏನು ಕೊಡುತ್ತದೆ ಎಂದು ಅದರಲ್ಲಿ ಬರೆದಿಟ್ಟರೆ ಒಳಗಿನ ಕೋಡು ಸಿ ಆಗಿರಲಿ, ಸಿ++ ಆಗಿರಲಿ, ಕೋಬಾಲ್ ಆಗಿರಲಿ, ಹೊರಗಿನವರಿಗೆ ಒಂದೇ.

ಆದರೆ ಮೊದಲ ಕೋರ್ಬಾದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಪ್ರೋಗ್ರಾಮು ಹೇಗೆ ಬರೆಯಬೇಕೆಂದು ಎಲ್ಲರೂ ಒಪ್ಪಿದ್ದರು. ತಂತಿಯ ಮೇಲೆ ಯಾವ ಬೈಟು ಎಲ್ಲಿ ಹೋಗಬೇಕೆಂದು ಒಪ್ಪಿರಲಿಲ್ಲ. ಹಾಗಾಗಿ ಒಂದು ಕಂಪನಿಯ ಕೋರ್ಬಾ ಇನ್ನೊಂದು ಕಂಪನಿಯ ಕೋರ್ಬಾದೊಂದಿಗೆ ಮಾತನಾಡುತ್ತಿರಲಿಲ್ಲ. ಆ ಕಾಲದಲ್ಲಿ ಮದ್ರಾಸಿನಿಂದ ಬ್ರಾಡ್‌ಗೇಜಿನಲ್ಲಿ ಬಂದ ಸರಕನ್ನು ಬೆಂಗಳೂರಿನಲ್ಲಿ ಇಳಿಸಿ, ಮೈಸೂರಿನ ಮೀಟರ್‌ಗೇಜ್ ವ್ಯಾಗನ್ನಿಗೆ ಹೇರಬೇಕಿತ್ತಲ್ಲ, ಅಂಥದೇ ಪರಿಸ್ಥಿತಿ. ಕೊನೆಗೆ 1996ರ ಕೋರ್ಬಾ 2.0 ಆವೃತ್ತಿ ಐಐಒಪಿ ಎಂಬ ಸಮಾನ ಸಾಗಣೆ ನಿಯಮವನ್ನು ಎಲ್ಲರಿಗೂ ಕಡ್ಡಾಯ ಮಾಡಿತು.

ಆ ನಿಯಮದಲ್ಲಿ ಮೆಚ್ಚಬೇಕಾದ ಜಾಣತನವಿದೆ. 1 ಎಂಬ ಸಂಖ್ಯೆಯನ್ನು ನಾಲ್ಕು ಬೈಟಿನಲ್ಲಿ ಬರೆಯುವಾಗ ಕೆಲವು ಯಂತ್ರಗಳು ದೊಡ್ಡ ಸ್ಥಾನದಿಂದ ಶುರುಮಾಡುತ್ತವೆ, ಇಂಟೆಲ್ ಯಂತ್ರಗಳು ಚಿಕ್ಕ ಸ್ಥಾನದಿಂದ. ಒಂದು ಬರೆದದ್ದನ್ನು ಇನ್ನೊಂದು ಹಾಗೆಯೇ ಓದಿಕೊಂಡರೆ 1 ಹೋಗಿ 1,67,77,216 ಆಗುತ್ತದೆ. ಸನ್ ಕಂಪನಿಯ ಹಳೆಯ ಏರ್ಪಾಟಿನಲ್ಲಿ ಎಲ್ಲರೂ ದೊಡ್ಡ ಸ್ಥಾನದಿಂದಲೇ ಕಳುಹಿಸಬೇಕಿತ್ತು. ಇಬ್ಬರು ಇಂಟೆಲ್ ಯಂತ್ರದವರು ಮಾತನಾಡುವಾಗಲೂ ಎರಡು ಸಲ ತಿರುಗಿಸುವ ವ್ಯರ್ಥ ಶ್ರಮ. ಐಐಒಪಿಯಲ್ಲಿ ಕಳುಹಿಸುವವರು ತಮ್ಮ ಕ್ರಮದಲ್ಲೇ ಕಳುಹಿಸಿ ಸಂದೇಶದ ತಲೆಯಲ್ಲಿ ‘ನನ್ನದು ಈ ಕ್ರಮ’ ಎಂದು ಗುರುತು ಹಾಕಿದರೆ ಸಾಕು. ಬೇಕಿದ್ದರೆ ಪಡೆದವರು ತಿರುಗಿಸಿಕೊಳ್ಳುತ್ತಾರೆ. ಭಿನ್ನತೆಯನ್ನು ಅಳಿಸಲು ಹೋಗದೆ ಅದನ್ನು ಹೇಳಿಕೊಳ್ಳಲು ಜಾಗ ಮಾಡಿಕೊಟ್ಟ ವಿನ್ಯಾಸ ಇದು. ಉಳಿದೆಡೆಯೂ ಇದೇ ಮನೋಭಾವ ಇದ್ದಿದ್ದರೆ ಎಷ್ಟೋ ಎಂಜಿನಿಯರುಗಳ ರಾತ್ರಿಗಳು ಉಳಿಯುತ್ತಿದ್ದವು.

ಅದೇ 1996ರಲ್ಲಿ ವಿಂಡೋಸ್ ಎನ್‌ಟಿ 4.0 ಜೊತೆ ಮೈಕ್ರೋಸಾಫ್ಟ್‌ನ ‘ಡಿಕಾಮ್’ ಬಂತು, ಎಂದರೆ ಕಾಮ್ ಆಬ್ಜೆಕ್ಟುಗಳು ನೆಟ್‌ವರ್ಕಿಗೆ ಇಳಿದವು. 1997ರಲ್ಲಿ ಜಾವಾ 1.1ರೊಂದಿಗೆ ದೂರದ ಜಾವಾ ಆಬ್ಜೆಕ್ಟುಗಳನ್ನು ಕರೆಯುವ ‘ಆರ್‌ಎಂಐ’ ಬಂತು. ದೊಡ್ಡ ಸಂಸ್ಥೆಗಳಲ್ಲಿ ಮೂರೂ ಇದ್ದವು: ಸರ್ವರಿನಲ್ಲಿ ಕೋರ್ಬಾ, ಮೇಜಿನ ಮೇಲೆ ಕಾಮ್, ಹೊಸ ಹುಡುಗರು ಬರೆದದ್ದೆಲ್ಲ ಜಾವಾ. ಕಾಮ್ ಮತ್ತು ಕೋರ್ಬಾ ನಡುವಿನ ಬ್ರಿಡ್ಜ್ ಹೇಗಿರಬೇಕೆಂದು ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಮಾನಕ ಬರೆಯಿತು. ಡಬ್ಲಿನ್‌ನ ಅಯೋನಾದಂಥ ಕಂಪನಿಗಳು ಆ ಬ್ರಿಡ್ಜುಗಳನ್ನು ಮಾರಿದವು. ಜಾವಾ ಆಬ್ಜೆಕ್ಟುಗಳನ್ನು ಕೋರ್ಬಾದ ಹಳಿಯ ಮೇಲೆ ಓಡಿಸುವ ‘ಆರ್‌ಎಂಐ-ಐಐಒಪಿ’ಯನ್ನು ಸನ್ ಮತ್ತು ಐಬಿಎಂ ಸೇರಿ 1999ರಲ್ಲಿ ತಂದವು.

ಇಲ್ಲಿಂದ ಕತೆ ಬಿಗಿಯಾಗುತ್ತದೆ. ಜಾವಾದಲ್ಲಿ ಒಂದು ಹೆಸರಿನ ಜಾಗದಲ್ಲಿ ‘ಏನೂ ಇಲ್ಲ’ ಎಂದು ಇಡಬಹುದು. ಖಾಲಿ ಹೆಸರು ಬೇರೆ, ಹೆಸರೇ ಇಲ್ಲದಿರುವುದು ಬೇರೆ. ಕೋರ್ಬಾದ ಅಕ್ಷರಸಾಲಿನಲ್ಲಿ ‘ಏನೂ ಇಲ್ಲ’ಕ್ಕೆ ಜಾಗವಿರಲಿಲ್ಲ. ಅದಕ್ಕಾಗಿ ಆರ್‌ಎಂಐ-ಐಐಒಪಿ ರೂಪಿಸಿದವರು ಜಾವಾದ ಪ್ರತಿಯೊಂದು ಅಕ್ಷರಸಾಲನ್ನೂ ಒಂದು ಡಬ್ಬಿಯೊಳಗಿಟ್ಟು ಸಾಗಿಸಿದರು. ಡಬ್ಬಿಯೇ ಇಲ್ಲದಿದ್ದರೆ ‘ಏನೂ ಇಲ್ಲ’ ಎಂದರ್ಥ. ಆಬ್ಜೆಕ್ಟು ಮಾಡುವ ಒಂದೊಂದು ಕೆಲಸಕ್ಕೂ ‘ವಿಧಾನ’ ಎನ್ನುತ್ತಾರೆ. ಜಾವಾದಲ್ಲಿ ಒಂದೇ ಹೆಸರಿನ ಎರಡು ವಿಧಾನಗಳಿರಬಹುದು, ಪಡೆಯುವ ಮಾಹಿತಿ ಬೇರೆಯಿದ್ದರೆ ಸಾಕು. ಐಡಿಎಲ್‌ನಲ್ಲಿ ಹಾಗಿಲ್ಲ. ಆದ್ದರಿಂದ ಹೆಸರುಗಳಿಗೆ ಅಡಿಗೆರೆಗಳ ಬಾಲ ಅಂಟಿಸಿದರು. ಜಾವಾದಲ್ಲಿ ಋಣ ಚಿಹ್ನೆಯಿಲ್ಲದ ಪೂರ್ಣಾಂಕವಿಲ್ಲ, ಕೋರ್ಬಾದಲ್ಲಿ ಇದೆ. 4,29,49,67,295 ಎಂಬ ಸಂಖ್ಯೆ ಜಾವಾ ತಲುಪಿದಾಗ -1 ಆಗಿ ಕಾಣುತ್ತದೆ. ಈ ಪ್ರತಿಯೊಂದಕ್ಕೂ ಉಪಾಯವಿತ್ತು. ಉಪಾಯ ಗೊತ್ತಿರುವವರು ತಂಡದಲ್ಲಿ ಇದ್ದರೆ ಎಲ್ಲ ಸರಿ.

ಅಕ್ಷರಗಳ ಮಾತು ಬಂದಾಗ ನಮ್ಮ ಕನ್ನಡವನ್ನೇ ತೆಗೆದುಕೊಳ್ಳಿ. ಐಡಿಎಲ್‌ನ ಸಾಮಾನ್ಯ ಅಕ್ಷರ ಒಂದು ಬೈಟಿನದು, ಪಶ್ಚಿಮ ಯುರೋಪಿನ ಲಿಪಿಗಳಿಗೆ ಸಾಕಾಗುವಷ್ಟು. ಅಗಲವಾದ ಅಕ್ಷರಗಳಿಗೆ ಬೇರೆ ವ್ಯವಸ್ಥೆ ಆಮೇಲೆ ಸೇರಿತು. ಯುನಿಕೋಡ್ ಬಂದ ಮೇಲೂ ತೊಡಕು ತಪ್ಪಲಿಲ್ಲ. ‘ಕೃಷ್ಣಪ್ಪ’ ಎಂಬಲ್ಲಿ ನಾವು ಎಣಿಸುವುದು ಮೂರು ಅಕ್ಷರ. ಯುನಿಕೋಡ್ ಎಣಿಸುವುದು ಎಂಟು ಸಂಕೇತ. ಜಾಲದಲ್ಲಿ ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ರೂಪದಲ್ಲಿ ಅದು 24 ಬೈಟು. ಒಂದು ಕಡೆಯವರು ‘20’ ಎಂಬ ಮಿತಿಯನ್ನು ಅಕ್ಷರಗಳೆಂದುಕೊಂಡು, ಇನ್ನೊಂದು ಕಡೆಯವರು ಬೈಟುಗಳೆಂದುಕೊಂಡು ಬರೆದಿದ್ದರೆ ಕೃಷ್ಣಪ್ಪನವರ ಹೆಸರು ಒಂದು ಸಂಕೇತದ ನಡುವೆಯೇ ತುಂಡಾಗುತ್ತದೆ. ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷೆ ಮಾಡಿದ ತಂಡಕ್ಕೆ ಇದು ಎಂದೂ ಕಾಣುವುದಿಲ್ಲ.

ಇವೆಲ್ಲ ಇನ್ನೂ ಮೇಲ್ಪದರದ ಸಂಗತಿಗಳು. ಆಳದಲ್ಲಿರುವುದು ಆಬ್ಜೆಕ್ಟಿನ ಆಯುಸ್ಸಿನ ಪ್ರಶ್ನೆ. ಬಳಸುವವರು ಯಾರೂ ಇಲ್ಲವಾದಾಗ ದೂರದ ಆಬ್ಜೆಕ್ಟನ್ನು ತೆಗೆದುಹಾಕಿ ಜಾಗ ಬಿಡಿಸುವವರು ಯಾರು? ಕಾಮ್‌ನಲ್ಲಿ ಬಳಸುವವರು ಲೆಕ್ಕ ಇಡುತ್ತಾರೆ: ಹಿಡಿದಾಗ ಒಂದು ಕೂಡಿಸು, ಬಿಟ್ಟಾಗ ಒಂದು ಕಳೆ, ಸೊನ್ನೆಯಾದರೆ ಆಬ್ಜೆಕ್ಟು ಹೋಗುತ್ತದೆ. ಬಳಸುತ್ತಿದ್ದ ಯಂತ್ರವೇ ಕೆಟ್ಟು ನಿಂತರೆ? ಅದಕ್ಕೆ ಡಿಕಾಮ್ 2 ನಿಮಿಷಕ್ಕೊಮ್ಮೆ ‘ಇದ್ದೇನೆ’ ಎಂಬ ಸಂಕೇತ ಕಳುಹಿಸುತ್ತದೆ. ಸತತ ಮೂರು ತಪ್ಪಿದರೆ, ಅಂದರೆ 6 ನಿಮಿಷದ ನಂತರ, ಆ ಕಡೆಯವರು ಇಲ್ಲವೆಂದು ಸರ್ವರ್ ತೀರ್ಮಾನಿಸುತ್ತದೆ. ಜಾವಾ ಆರ್‌ಎಂಐ ಗುತ್ತಿಗೆಯ ಕ್ರಮ ಹಿಡಿಯಿತು. ಸಾಮಾನ್ಯವಾಗಿ 10 ನಿಮಿಷದ ಗುತ್ತಿಗೆ, ನವೀಕರಿಸದಿದ್ದರೆ ಮುಗಿಯಿತು. ಕೋರ್ಬಾದಲ್ಲಿ ಇಂಥ ಲೆಕ್ಕವೇ ಇಲ್ಲ. ಬಳಸುವವರು ಬರುತ್ತಾರೆ ಹೋಗುತ್ತಾರೆ, ಆಬ್ಜೆಕ್ಟು ಎಂದಿನವರೆಗೆ ಇರಬೇಕೆಂಬುದು ಸರ್ವರ್ ಬರೆದವರ ಹೊಣೆ.

ಈಗ ಮಧ್ಯದಲ್ಲಿ ನಿಂತ ಬ್ರಿಡ್ಜಿನ ಪಾಡು ಯೋಚಿಸಿ. ಕಾಮ್ ಕಡೆಯವರು ‘ಬಿಟ್ಟೆ’ ಎಂದರು. ಕೋರ್ಬಾ ಕಡೆಗೆ ಅದನ್ನು ಏನೆಂದು ಹೇಳುವುದು? ಆಬ್ಜೆಕ್ಟನ್ನು ಅಳಿಸಿಬಿಡು ಎಂದರೆ, ಅದನ್ನು ಬಳಸುತ್ತಿರುವ ಬೇರೊಬ್ಬರ ಕೆಲಸ ಕೆಡುತ್ತದೆ. ಏನೂ ಹೇಳದಿದ್ದರೆ ಸರ್ವರಿನ ನೆನಪಿನ ಜಾಗ ದಿನದಿಂದ ದಿನಕ್ಕೆ ತುಂಬುತ್ತ ಹೋಗಿ, ಒಂದು ದಿನ ಕಾರಣವೇ ಕಾಣದೆ ನಿಲ್ಲುತ್ತದೆ. ಆರ್‌ಎಂಐಯಲ್ಲಿ ಬರೆದದ್ದನ್ನು ಆರ್‌ಎಂಐ-ಐಐಒಪಿಗೆ ಬದಲಿಸಿದವರು ಗುತ್ತಿಗೆಯ ಸೌಲಭ್ಯವನ್ನು ಕಳೆದುಕೊಂಡರು. ಕೋಡು ಹೆಚ್ಚು ಕಡಿಮೆ ಹಾಗೆಯೇ ಕಂಡರೂ, ಮುಗಿದ ಆಬ್ಜೆಕ್ಟುಗಳನ್ನು ಕೈಯಾರೆ ತೆಗೆಯುವ ಕೆಲಸ ಹೆಗಲಿಗೆ ಬಿತ್ತು. ಗುರುತಿನ ವಿಷಯವೂ ಹಾಗೆಯೇ. ಕೈಯಲ್ಲಿರುವ ಎರಡು ಕೊಂಡಿಗಳು ಒಂದೇ ಆಬ್ಜೆಕ್ಟಿನವೇ ಎಂದು ಕೇಳಿದರೆ ಕಾಮ್ ಖಚಿತವಾಗಿ ಉತ್ತರಿಸಬೇಕು, ಅದು ನಿಯಮ. ಕೋರ್ಬಾಗೆ ಆ ಬಂಧನವಿಲ್ಲ. ಒಂದೇ ಆಗಿದ್ದರೂ ‘ಗೊತ್ತಿಲ್ಲ’ ಎಂಬರ್ಥದಲ್ಲಿ ಅಲ್ಲವೆನ್ನಬಹುದು. ಖಚಿತತೆ ಬೇಡುವ ಕಡೆಗೆ ಖಚಿತತೆ ಇಲ್ಲದ ಕಡೆಯಿಂದ ಏನನ್ನು ತಂದುಕೊಡಲಾದೀತು?

ಈ ಎಲ್ಲಕ್ಕಿಂತ ದೊಡ್ಡದು ಸೋಲಿನ ಪ್ರಶ್ನೆ. 1994ರಲ್ಲಿ ಸನ್ ಪ್ರಯೋಗಾಲಯದ ಜಿಮ್ ವಾಲ್ಡೊ ಮತ್ತು ಮೂವರು ಸಹೋದ್ಯೋಗಿಗಳು ಒಂದು ಪ್ರಬಂಧ ಬರೆದರು. ದೂರದ ಆಬ್ಜೆಕ್ಟನ್ನು ಹತ್ತಿರದ ಆಬ್ಜೆಕ್ಟಿನಂತೆ ಕಾಣಿಸುವ ಪ್ರಯತ್ನವೇ ತಪ್ಪು ಎಂಬುದು ಅವರ ವಾದ. ಒಂದೇ ಯಂತ್ರದೊಳಗೆ ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ನೆಟ್‌ವರ್ಕಿನಲ್ಲಿ ಅರ್ಧ ಕೆಡುತ್ತದೆ, ಇನ್ನರ್ಧ ನಡೆಯುತ್ತಲೇ ಇರುತ್ತದೆ; ಯಾವ ಅರ್ಧ ಎಂದು ತಿಳಿಯುವ ದಾರಿ ಇರುವುದಿಲ್ಲ. ಆ ನಾಲ್ವರಲ್ಲಿ ಒಬ್ಬರಾದ ಆನ್ ವೋಲ್ರಾಥ್ ಮುಂದೆ ಆರ್‌ಎಂಐ ವಿನ್ಯಾಸದ ಮುಂಚೂಣಿಯಲ್ಲಿದ್ದರು. ಆರ್‌ಎಂಐಯಲ್ಲಿ ದೂರದ ಪ್ರತಿಯೊಂದು ವಿಧಾನವೂ ‘ನೆಟ್‌ವರ್ಕಿನಿಂದ ಸೋಲಬಹುದು’ ಎಂದು ಮೊದಲೇ ಘೋಷಿಸಬೇಕು ಎಂಬ ನಿಯಮವಿದೆ. ಬರೆಯುವವರಿಗೆ ಕಿರಿಕಿರಿ ಎನಿಸಿದ ಆ ನಿಯಮ ನನಗೆ ಇಡೀ ಆರ್‌ಎಂಐಯ ಅತ್ಯಂತ ಪ್ರಾಮಾಣಿಕ ಭಾಗ ಎನಿಸುತ್ತದೆ.

ಕೋರ್ಬಾದಲ್ಲೂ ಅಂಥ ಪ್ರಾಮಾಣಿಕತೆಯ ಒಂದು ಜಾಗವಿದೆ. ಕರೆ ವಿಫಲವಾದಾಗ ಬರುವ ದೋಷಸೂಚನೆಯ ಜೊತೆ ಕೆಲಸ ಮುಗಿದಿತ್ತೇ ಎಂಬ ಪ್ರಶ್ನೆಗೆ ಮೂರು ಉತ್ತರಗಳಲ್ಲಿ ಒಂದು ಬರುತ್ತದೆ: ಹೌದು, ಇಲ್ಲ, ಇರಬಹುದು. ಆ ‘ಇರಬಹುದು’ ಇಡೀ ವಿಷಯದ ಹೃದಯ. ಖಾತೆಯಿಂದ 5,000 ರೂಪಾಯಿ ತೆಗೆಯಲು ಹೇಳಿದಿರಿ, ಉತ್ತರ ಬರಲಿಲ್ಲ. ಕೋರಿಕೆ ಹೋಗುವಾಗಲೇ ಕಳೆದುಹೋಯಿತೋ, ಹಣ ತೆಗೆದ ಮೇಲೆ ಉತ್ತರ ಬರುವಾಗ ಕಳೆದುಹೋಯಿತೋ? ಮತ್ತೆ ಕೇಳಿದರೆ ಎರಡು ಸಲ ಹಣ ಹೋಗಬಹುದು, ಕೇಳದಿದ್ದರೆ ಒಂದು ಸಲವೂ ಹೋಗದೆ ಇರಬಹುದು. ಬ್ರಿಡ್ಜಿನ ಆಚೆ ಕಡೆಯ ಪ್ರೋಗ್ರಾಮು ಗೆದ್ದಿತೇ ಸೋತಿತೇ ಎಂದಷ್ಟೇ ನೋಡುವಂತೆ ಬರೆದದ್ದಾದರೆ, ‘ಇರಬಹುದು’ ಎಂಬುದು ಅಲ್ಲಿ ‘ಸೋತಿತು’ ಆಗಿಬಿಡುತ್ತದೆ. ಸೋತಿತು ಎಂದುಕೊಂಡವರು ಮತ್ತೆ ಕೇಳುತ್ತಾರೆ.

ಇದಕ್ಕೆ ಮದ್ದು ಬ್ರಿಡ್ಜಿನಲ್ಲಿ ಇಲ್ಲ, ವ್ಯವಹಾರದಲ್ಲೇ ಇದೆ. ಪ್ರತಿ ಕೋರಿಕೆಗೂ ಕೇಳುವವರೇ ಒಂದು ಗುರುತು ಸಂಖ್ಯೆ ಕೊಡುವುದು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಕೆಲಸ ಮಾಡದೆ ಹಳೆಯ ಉತ್ತರವನ್ನೇ ಕೊಡುವುದು. 2016ರಿಂದ ನಾವು ಬಳಸುತ್ತಿರುವ ಯುಪಿಐನಲ್ಲಿ ಪ್ರತಿ ಪಾವತಿಗೂ ಅದರದೇ ಸಂಖ್ಯೆ ಇದೆ, ಉತ್ತರ ಬಾರದಾಗ ಆ ಸಂಖ್ಯೆ ಹಿಡಿದು ‘ಏನಾಯಿತು’ ಎಂದು ವಿಚಾರಿಸುವ ಪ್ರತ್ಯೇಕ ಸಂದೇಶವೂ ಇದೆ. ತರಕಾರಿ ಅಂಗಡಿಯ ಮುಂದೆ ಮೊಬೈಲಿನಲ್ಲಿ ಕಾಣುವ ‘ಪೆಂಡಿಂಗ್’ ಎಂಬ ಪದ ಆ ‘ಇರಬಹುದು’ ಎಂಬುದೇ. ಅದನ್ನು ಬಳಸುವವರಿಂದ ಮುಚ್ಚಿಡದೆ ತೋರಿಸಿದ್ದು ಒಳ್ಳೆಯ ನಿರ್ಧಾರ.

ಎರಡು ಕಡೆಯ ಡೇಟಾಬೇಸುಗಳಲ್ಲಿ ಒಟ್ಟಿಗೆ ಬದಲಾವಣೆ ಆಗಬೇಕು, ಇಲ್ಲವೇ ಎಲ್ಲೂ ಆಗಬಾರದು ಎಂದಾಗ ಇನ್ನೂ ಕಷ್ಟ. ಒಬ್ಬ ಸಂಯೋಜಕ ಮೊದಲು ಎಲ್ಲರನ್ನೂ ‘ಸಿದ್ಧವೇ’ ಎಂದು ಕೇಳಿ, ಎಲ್ಲರೂ ಹೂಂ ಎಂದ ಮೇಲೆ ‘ಮಾಡಿ’ ಎನ್ನುವ ಎರಡು ಹಂತದ ಕ್ರಮವಿದೆ. ಕೋರ್ಬಾಗೊಬ್ಬ ಸಂಯೋಜಕ, ವಿಂಡೋಸಿಗೊಬ್ಬ ಸಂಯೋಜಕ; ಬ್ರಿಡ್ಜಿನ ಎರಡು ತುದಿಯಲ್ಲಿ ಇಬ್ಬರಿದ್ದರೆ ಯಾರ ಮಾತು ಕೊನೆಯದು? ‘ಸಿದ್ಧ’ ಎಂದು ಹೇಳಿದ ಮೇಲೆ ಸಂಪರ್ಕ ಕಡಿದರೆ ಆ ದಾಖಲೆ ಬೀಗ ಹಾಕಿದ ಸ್ಥಿತಿಯಲ್ಲೇ ಕಾಯುತ್ತದೆ, ಅದರ ಹಿಂದೆ ಕೆಲಸಗಳ ಸಾಲು ನಿಲ್ಲುತ್ತದೆ. ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ 1987ರಲ್ಲೇ ಬೇರೆ ದಾರಿ ತೋರಿದ್ದರು: ದೊಡ್ಡ ವ್ಯವಹಾರವನ್ನು ಸಣ್ಣ ಸಣ್ಣ ಹಂತ ಮಾಡಿ, ನಡುವೆ ಕೆಟ್ಟರೆ ಆದದ್ದನ್ನು ಸರಿದೂಗಿಸುವ ಹಂತಗಳನ್ನು ಮೊದಲೇ ಬರೆದಿಡುವುದು. ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು ಬಹಳ ವರ್ಷಗಳ ಮೇಲೆ.

ದೂರವೂ ಒಂದು ಸತ್ಯ. ಬೆಂಗಳೂರಿನಿಂದ ಅಮೆರಿಕದ ಪೂರ್ವ ತೀರಕ್ಕೆ ಹೋಗಿಬರುವ ಸಂದೇಶಕ್ಕೆ 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಗಾಜಿನ ತಂತಿಯಲ್ಲಿ ಬೆಳಕಿನ ವೇಗವೇ ಅಷ್ಟು, ಯಾವ ಸಾಫ್ಟ್‌ವೇರೂ ಅದನ್ನು ಮೀರಿಸಲಾರದು. ಗ್ರಾಹಕರ ಹೆಸರು, ವಿಳಾಸ, ಫೋನು ಎಂದು ಒಂದೊಂದನ್ನೇ ಕೇಳುವ ಆಬ್ಜೆಕ್ಟು ಹತ್ತಿರದಲ್ಲಿದ್ದಾಗ ಚೆನ್ನಾಗಿಯೇ ಇರುತ್ತದೆ. ಸಾಗರದಾಚೆ ಇಟ್ಟು 40 ಸಲ ಕೇಳಿದರೆ ಪರದೆ ತೆರೆಯಲು 8 ಸೆಕೆಂಡು.

2000ದ ಹೊತ್ತಿಗೆ ಜನ ಎಕ್ಸ್‌ಎಂಎಲ್ ಕಡೆ ತಿರುಗಿದರು. ಕಣ್ಣಿಗೆ ಕಾಣುವ ಪಠ್ಯ, ಫೈರ್‌ವಾಲುಗಳು ಹೇಗೂ ಬಿಡುವ ವೆಬ್ಬಿನ ದಾರಿ. ಆ ವರ್ಷ ಮೇ ತಿಂಗಳಲ್ಲಿ ಎಕ್ಸ್‌ಎಂಎಲ್ ಸಂದೇಶಗಳ ನಿಯಮವಾದ ‘ಸೋಪ್ 1.1’ ಪ್ರಕಟವಾಯಿತು, ಮೈಕ್ರೋಸಾಫ್ಟ್ ಮತ್ತು ಐಬಿಎಂ ಅದರಲ್ಲಿ ಜೊತೆಯಾಗಿದ್ದವು. ಆದರೂ ಆರಂಭದಲ್ಲಿ ಆಬ್ಜೆಕ್ಟುಗಳ ಜಾಲವನ್ನು ಅದರ ಒಳಕೊಂಡಿಗಳ ಸಮೇತ ಎಕ್ಸ್‌ಎಂಎಲ್‌ಗೆ ಇಳಿಸುವ ಹಳೆಯ ಚಾಳಿ ಮುಂದುವರಿಯಿತು. ಜಾವಾ ಮತ್ತು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಅದನ್ನು ಬೇರೆ ಬೇರೆಯಾಗಿ ಓದಿದವು. ಡಾಟ್‌ನೆಟ್‌ನ ದಿನಾಂಕ 2005ರವರೆಗೆ ‘ಏನೂ ಇಲ್ಲ’ ಆಗಿರಲು ಸಾಧ್ಯವೇ ಇರಲಿಲ್ಲ. ಖಾಲಿ ಎನ್ನಬೇಕಾದ ಕಡೆ ಕ್ರಿ.ಶ. 1ನೇ ವರ್ಷದ ಜನವರಿ 1 ಎಂದು ಹೋಗುತ್ತಿತ್ತು. ಇಂಥ ವ್ಯತ್ಯಾಸಗಳನ್ನು ಸರಿಪಡಿಸಲು 2002ರಲ್ಲಿ ಕಂಪನಿಗಳು ಡಬ್ಲ್ಯುಎಸ್-ಐ ಎಂಬ ಕೂಟ ಕಟ್ಟಿದವು. 2004ರಲ್ಲಿ ಅದು ಹೊರತಂದ ನಿಯಮಾವಳಿಯ ಮುಖ್ಯ ಕೆಲಸವೇ ನಿಷೇಧ: ಆಬ್ಜೆಕ್ಟು ಜಾಲವನ್ನು ಇಳಿಸುವ ಆ ಪದ್ಧತಿ ಬೇಡ, ಇಬ್ಬರೂ ಒಪ್ಪಿದ ನಮೂನೆಯ ಕಾಗದಪತ್ರ ಹೋಗಲಿ, ಸಾಕು. ಕಡಿಮೆ ಹಂಚಿಕೊಳ್ಳಲು ಒಪ್ಪಿದ ಮೇಲೆಯೇ ಹೊಂದಾಣಿಕೆ ಬಂತು.

ಸರತಿ ಸಾಲಿನಲ್ಲಿ ಸಂದೇಶ ಕಳುಹಿಸುವ ಮಿಡಲ್‌ವೇರಿನಲ್ಲೂ ಅದೇ ಪಾಠ. ಜಾವಾದ ಜೆಎಂಎಸ್ ಕೋಡಿನ ರೂಪವನ್ನು ಏಕರೂಪ ಮಾಡಿತು, ತಂತಿಯನ್ನು ಬಿಟ್ಟಿತು. ಕೋರ್ಬಾ ಮೊದಲು ಎಡವಿದ್ದ ಜಾಗವೇ ಅದು. 2003ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಜಾನ್ ಒಹಾರಾ ವಿರುದ್ಧ ಹಾದಿ ಹಿಡಿದು, ತಂತಿಯ ನಿಯಮವನ್ನೇ ಬರೆಯುವ ಎಎಂಕ್ಯೂಪಿ ಶುರುಮಾಡಿದರು. ಅದರ 1.0 ಆವೃತ್ತಿ ಓಯಸಿಸ್ ಎಂಬ ಸಂಸ್ಥೆಯ ಮಾನಕವಾದದ್ದು 2012ರಲ್ಲಿ.

ಕೋರ್ಬಾವನ್ನು 2018ರ ಸೆಪ್ಟೆಂಬರಿನಲ್ಲಿ ಜಾವಾ 11 ತನ್ನೊಳಗಿನಿಂದ ತೆಗೆದುಹಾಕಿತು. ಪ್ರಶ್ನೆಗಳು ಮಾತ್ರ ಹೊಸ ಹೆಸರಿನಲ್ಲಿ ಮರಳಿವೆ. ಗೂಗಲ್ 2015ರಲ್ಲಿ ಎಲ್ಲರಿಗೂ ತೆರೆದ, ದೂರದ ಕರೆಯ ವ್ಯವಸ್ಥೆಯಾದ ಜಿಆರ್‌ಪಿಸಿಯ ಜೊತೆ ಬಳಸುವ ಪ್ರೋಟೋಬಫ್ ಎಂಬ ಮಾಹಿತಿ ನಮೂನೆಯ ಮೂರನೆಯ ಆವೃತ್ತಿ, ಸೊನ್ನೆಗೂ ‘ಹೇಳಿಲ್ಲ’ ಎಂಬುದಕ್ಕೂ ಸರಳ ಮಾಹಿತಿಯಲ್ಲಿ ವ್ಯತ್ಯಾಸ ಉಳಿಸಿರಲಿಲ್ಲ. ಬಳಸುವವರ ಒತ್ತಾಯದ ಮೇಲೆ ಆ ವ್ಯತ್ಯಾಸ 2021ರಲ್ಲಿ ಪೂರ್ಣವಾಗಿ ಮರಳಿ ಬಂತು. ಜೇಸನ್ ಎಂಬ ಪಠ್ಯರೂಪದಲ್ಲಿ ಹೋದ ದೊಡ್ಡ ಸಂಖ್ಯೆಗಳನ್ನು ಜಾವಾಸ್ಕ್ರಿಪ್ಟ್ ನಿಖರವಾಗಿ ಹಿಡಿಯಲಾರದು ಎಂಬ ಕಾರಣಕ್ಕೆ ಟ್ವಿಟರ್ 2010ರಲ್ಲಿ ಪ್ರತಿ ಟ್ವೀಟಿನ ಸಂಖ್ಯೆಯನ್ನು ಅಕ್ಷರಸಾಲಾಗಿಯೂ ಕಳುಹಿಸತೊಡಗಿತು. ಜಿಆರ್‌ಪಿಸಿಯ ಕಾಲಮಿತಿ ಮೀರಿದ ದೋಷದ ವಿವರಣೆಯಲ್ಲಿ, ಕೆಲಸ ಯಶಸ್ವಿಯಾಗಿ ಮುಗಿದಿದ್ದರೂ ಈ ದೋಷ ಬರಬಹುದು ಎಂಬ ಎಚ್ಚರಿಕೆಯಿದೆ.

ಹಾಗಾಗಿ ಇಂದು ಬ್ರಿಡ್ಜ್ ಕಟ್ಟಲು ಕೂರುವ ಎರಡು ತಂಡಗಳು ಕೋಡಿಗೆ ಮೊದಲು ಪರೀಕ್ಷೆಯ ಸಂದೇಶಗಳನ್ನು ಒಟ್ಟಿಗೆ ಬರೆದುಕೊಳ್ಳುವುದು ಒಳ್ಳೆಯದು. ಸೊನ್ನೆ, ಖಾಲಿ, ‘ಏನೂ ಇಲ್ಲ’ ಮೂರನ್ನೂ ಬೇರೆ ಬೇರೆಯಾಗಿ ಕಳುಹಿಸಿ ನೋಡಬೇಕು. ನಾಲ್ಕು ಬೈಟಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ, ನಾಲ್ಕು ದಶಮಾಂಶವಿರುವ ಹಣದ ಮೊತ್ತ, ಭಾರತೀಯ ಕಾಲಮಾನದ ಮಧ್ಯರಾತ್ರಿಯ ತಾರೀಕು, ಒತ್ತಕ್ಷರ ತುಂಬಿದ ಕನ್ನಡ ಹೆಸರು, ಇವು ಹೋಗಿ ಹಾಗೆಯೇ ಮರಳಬೇಕು. ಆಮೇಲೆ ಹಣ ತೆಗೆಯುವ ಕೋರಿಕೆಯೊಂದನ್ನು ಕಳುಹಿಸಿ, ಆಚೆ ಕಡೆ ಕೆಲಸ ಮುಗಿದು ಉತ್ತರ ಹೊರಡುವ ಮೊದಲು ಬೇಕೆಂದೇ ಸಂಪರ್ಕ ಕಡಿದು, ಅದೇ ಕೋರಿಕೆಯನ್ನು ಮತ್ತೆ ಕಳುಹಿಸಿ, ಖಾತೆಯಿಂದ ಒಂದೇ ಸಲ ಹಣ ಹೋಗಿದೆಯೇ ಎಂದು ನೋಡಬೇಕು.